ಒಂದೆರಡು ವಿಷಯ ಹೋದರೆ ವರ್ಷವೇ ಹೋದಂತಲ್ಲ



ಎಸ್.ಎಸ್.ಸಿ. ರಿಸಲ್ಟ್ ಬಂದ ದಿನ ಮುಂಬಯಿಯ ನಮ್ಮ ಮನೆಗಳಲ್ಲಿ ಫೋನು ಸುಮ್ಮನಿರುವುದಿಲ್ಲ. ಉಡುಪಿಯಿಂದ ದೊಡ್ಡಮ್ಮ, ಹುಬ್ಬಳ್ಳಿಯಿಂದ ಕಾಕಾ, ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ಪರ್ಸೆಂಟ್?" ಪಾಸಾದವರ ಮನೆಯಲ್ಲಿ ಪೇಡೆ ಹಂಚುತ್ತಾರೆ. ಗಣಿತದಲ್ಲೋ ಇಂಗ್ಲಿಷಿನಲ್ಲೋ ಹೋದ ಮಗುವಿನ ಮನೆಯಲ್ಲಿ ಫೋನ್ ಎತ್ತುವುದಕ್ಕೂ ಹಿಂಜರಿಕೆ. ಈ ಸಲದ ಮಾತು ಆ ಮನೆಯವರಿಗಾಗಿ.

ಮಹಾರಾಷ್ಟ್ರ ಬೋರ್ಡಿನಲ್ಲಿ ಒಂದು ಅಥವಾ ಎರಡು ವಿಷಯ ಮಾತ್ರ ಹೋಗಿದ್ದರೆ ಎ.ಟಿ.ಕೆ.ಟಿ. ಎಂಬ ಸೌಲಭ್ಯವಿದೆ. ಮಗು 11ನೇ ತರಗತಿಗೆ ಸೇರಬಹುದು. 12ಕ್ಕೆ ಹೋಗುವ ಮೊದಲು ಉಳಿದ ವಿಷಯ ಪಾಸು ಮಾಡಿಕೊಳ್ಳಬೇಕು, ಅಷ್ಟೆ. ಜೂನ್-ಜುಲೈ ಸುಮಾರಿಗೆ ಪೂರಕ ಪರೀಕ್ಷೆಯೂ ನಡೆಯುತ್ತದೆ. ಉತ್ತರ ಪತ್ರಿಕೆಯ ನಕಲು ಪ್ರತಿಯನ್ನೂ ಕೇಳಿ ಪಡೆಯಬಹುದು. ಎಲ್ಲಿ ತಪ್ಪಾಯಿತೆಂದು ಅದನ್ನು ನೋಡಿದರೆ ತಿಳಿಯುತ್ತದೆ.

ಹೆಚ್ಚು ವಿಷಯ ಹೋಗಿದ್ದರೆ? ಆಗ ಎನ್.ಐ.ಓ.ಎಸ್., ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. 1989ರಲ್ಲಿ ಆರಂಭವಾದ ಇದು ಕೇಂದ್ರ ಸರ್ಕಾರದ ಬೋರ್ಡ್. ಚೆನ್ನೈ, ಹೈದರಾಬಾದ್, ದೆಹಲಿಯ ಕೇಳುಗರಿಗೂ ಇದು ಅನ್ವಯ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಐದು ವಿಷಯ ಪಾಸಾಗಬೇಕು. ಭಾಷಾ ವಿಷಯಗಳಲ್ಲಿ ನಮ್ಮ ಕನ್ನಡವೂ ಇದೆ. ವರ್ಷಕ್ಕೆ ಎರಡು ಬಾರಿ ಸಾರ್ವಜನಿಕ ಪರೀಕ್ಷೆ. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಹಳೆಯ ಬೋರ್ಡಿನಲ್ಲಿ ಪಾಸಾದ ವಿಷಯಗಳಲ್ಲಿ ಎರಡರ ತನಕ ಅಂಕಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಆದ್ದರಿಂದ ಹಳೆಯ ಅಂಕಪಟ್ಟಿಯನ್ನು ಸಿಟ್ಟಿನಲ್ಲಿ ಹರಿದುಹಾಕಬೇಡಿ!

ಇನ್ನು ಟ್ಯೂಷನ್ ವಿಚಾರ. ಫೇಲಾದ ಕೂಡಲೇ ದುಬಾರಿ ಕ್ಲಾಸಿಗೆ ಹಣ ಕಟ್ಟುವ ಮುನ್ನ ಒಂದು ಸಂಜೆ ಮಗುವಿನ ಪಕ್ಕ ಕುಳಿತುಕೊಳ್ಳಿ. ಬೀಜಗಣಿತ ಬಾರದ ಎಷ್ಟೋ ಮಕ್ಕಳಿಗೆ ನಿಜವಾಗಿ ತೊಡಕಿರುವುದು ಆರನೇ ತರಗತಿಯ ಭಿನ್ನರಾಶಿಯಲ್ಲಿ. ಅಲ್ಲಿ ಕಡಿದ ಎಳೆಯನ್ನು ಸೇರಿಸದೆ ಹತ್ತನೆಯದನ್ನು ಎಷ್ಟು ಉರು ಹೊಡೆಸಿದರೂ ಪ್ರಯೋಜನವಿಲ್ಲ. ಹಿಂದಿನ ತರಗತಿಯ ಪಾಠಗಳು 2017ರಲ್ಲಿ ಬಂದ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದಲ್ಲೂ ಇವೆ. ಶಾಲೆಯ ಗಣಿತದ ಟೀಚರನ್ನು ಕೇಳಲು ಸಂಕೋಚ ಬೇಡ.

ಇನ್ನೊಂದು ಮಾತು ಮುಖ್ಯ. ಕೇಳಿದರೆ ಬಾಯಲ್ಲಿ ಉತ್ತರ ಹೇಳುವ ಮಗು ಬರೆಯುವಾಗ ಅಕ್ಷರ ತಿರುವುಮುರುವು ಮಾಡುತ್ತಿದ್ದರೆ, ಓದಲು ತೀರಾ ನಿಧಾನವಾದರೆ, ಅದು ಸೋಮಾರಿತನವೇ ಆಗಿರಬೇಕಿಲ್ಲ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಗುರುತಿಸಿದೆ. ಮುಂಬಯಿಯಲ್ಲಿ ಸಯನ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ತಪಾಸಣಾ ವಿಭಾಗವಿದೆ. ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಸಿಗುತ್ತದೆ. ಆದರೆ ತಪಾಸಣೆಗೆ ಸಮಯ ಹಿಡಿಯುತ್ತದೆ, ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಎಂಟು-ಒಂಬತ್ತನೇ ತರಗತಿಯಲ್ಲೇ ಶುರುಮಾಡಿ. ಪರೀಕ್ಷೆಯ ಹಿಂದಿನ ತಿಂಗಳು ಓಡಿದರೆ ಕೈಗೆ ಸಿಗಲಾರದು.

ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದವರು ಈ ಊರಿನಲ್ಲಿ ಎಷ್ಟೋ ಮಂದಿ. ಅವರಲ್ಲಿ ತಡವಾಗಿ ಪಾಸಾದವರೂ ಇದ್ದರು. ಇಂದು ಅವರನ್ನು ಯಾರೂ ಪರ್ಸೆಂಟ್ ಕೇಳುವುದಿಲ್ಲ. ಆದ್ದರಿಂದ ರಿಸಲ್ಟ್ ದಿನ ಊರಿನ ಫೋನು ಬಂದರೆ ಧೈರ್ಯವಾಗಿ ಎತ್ತಿ. "ಒಂದು ವಿಷಯ ಉಳಿದಿದೆ, ಬರೆಯುತ್ತಾನೆ" ಎನ್ನಿ. ಪಕ್ಕದಲ್ಲಿ ನಿಂತ ಮಗು ಅದನ್ನು ಕೇಳಿಸಿಕೊಳ್ಳುತ್ತಿರುತ್ತದೆ.