ಗಾತ್ರವನ್ನು ಕಳೆದು ಘನತೆಯನ್ನು ಪಡೆದ ಗಾಡಿ

ವೈಭವವೆಂದರೆ ಗಾತ್ರವೆಂಬ ಭಾವನೆಯು ಎಲ್ಲ ದೇಶಗಳಲ್ಲಿಯೂ ಉಂಟು. ಅಮೆರಿಕದ ಮೋಟಾರು ತಯಾರಕರು 1950ರ ದಶಕದಲ್ಲಿ ಇದನ್ನು ಅದರ ಎಲ್ಲೆಯವರೆಗೂ ಎಳೆದರು. ಫೋರ್ಡ್ ಸಂಸ್ಥೆಯ ಲಿಂಕನ್ ಗಾಡಿಯು 1958ರಲ್ಲಿ 229 ಅಂಗುಲ, ಎಂದರೆ ಹತ್ತೊಂಬತ್ತು ಅಡಿಗಳನ್ನೂ ಮೀರಿ ಬೆಳೆದಿತ್ತು. ಹಾರೂಗೇರಿಯ ಕಡೆ ಕಬ್ಬು ಹೇರಿದ ಚಕ್ಕಡಿಗಳು ಎದುರಾಗುವ ಹಾದಿಯಲ್ಲಿ ಇಂತಹ ಗಾಡಿಯನ್ನು ಹೊರಳಿಸಬೇಕಾದ ಚಾಲಕನ ಪಾಡನ್ನು ಶ್ರೋತೃಗಳು ತಾವೇ ಊಹಿಸಿಕೊಳ್ಳಬಹುದು.

ಗಾಡಿ ಬೆಳೆದಂತೆ ನಷ್ಟವೂ ಬೆಳೆಯಿತು. ಲಿಂಕನ್ ಎಂಬ ಹೆಸರನ್ನೇ ಕೈಬಿಡುವ ಆಲೋಚನೆಯು ಸಂಸ್ಥೆಯ ಹಿರಿಯ ಅಧಿಕಾರಿ ರಾಬರ್ಟ್ ಮೆಕ್‌ನಮಾರಾ ಅವರಲ್ಲಿತ್ತು. ಆಗ ಅವರ ಕಣ್ಣಿಗೆ ಬಿದ್ದುದು ವಿನ್ಯಾಸಕಾರ ಎಲ್‌ವುಡ್ ಎಂಗೆಲ್ಲರ ತಂಡದ ಒಂದು ಜೇಡಿಮಣ್ಣಿನ ಮಾದರಿ. ಅದು ಥಂಡರ್‌ಬರ್ಡ್ ಎಂಬ ಬೇರೊಂದು ಗಾಡಿಗಾಗಿ ಮಾಡಿದ್ದು, ಬಾಗಿಲುಗಳು ಎರಡೇ. ಇದನ್ನೇ ಹಿಗ್ಗಿಸಿ ನಾಲ್ಕು ಬಾಗಿಲಿನ ಲಿಂಕನ್ನನ್ನಾಗಿ ಮಾಡಲಾದೀತೇ ಎಂದು ಅವರು ವಿಚಾರಿಸಿದರು. 1961ರ ಕಾಂಟಿನೆಂಟಲ್ ಹುಟ್ಟಿದುದು ಹೀಗೆ.

ಹೊಸ ಗಾಡಿಯ ಉದ್ದವು ಸುಮಾರು 212 ಅಂಗುಲ. ಮುಂದಿನ ಹಿಂದಿನ ಗಾಲಿಗಳ ನಡುವಣ ಅಂತರವು 131ರಿಂದ 123 ಅಂಗುಲಕ್ಕೆ ಇಳಿಯಿತು. ಪಕ್ಕಗಳು ಬಯಲಿನಂತೆ ನಯ. ಹೊಳಪಿನ ಪಟ್ಟಿಯು ಮೇಲಂಚಿನಲ್ಲಿ ಒಂದೇ ಗೆರೆಯಾಗಿ ಹಿಂದಿನವರೆಗೂ ಹರಿಯಿತು. ಇಷ್ಟಾದರೂ ತೂಕವು 5,000 ಪೌಂಡುಗಳ ಆಸುಪಾಸಿನಲ್ಲಿಯೇ ಉಳಿಯಿತು. ಗಿಡ್ಡವಾಯಿತೇ ಹೊರತು ಬಡವಾಗಲಿಲ್ಲವೆನ್ನಬೇಕು!

ಬಾಗಿಲುಗಳ ವಿಚಾರವು ಇನ್ನೂ ಸ್ವಾರಸ್ಯವಾದುದು. ಗಾಡಿಯು ಕುಗ್ಗಿದುದರಿಂದ ಹಿಂದೆ ಕುಳಿತವರು ಇಳಿಯುವಾಗ ಕಾಲು ಬಾಗಿಲಿಗೆ ತಾಕುತ್ತಿತ್ತು. ಆದುದರಿಂದ ಹಿಂಬಾಗಿಲಿನ ಕೀಲುಗಳನ್ನು ಹಿಂದಕ್ಕೆ ಒಯ್ದರು. ವಾಡೆಯ ಹೆಬ್ಬಾಗಿಲಿನ ಎರಡು ಕದಗಳಂತೆ ಮುಂದಿನದೂ ಹಿಂದಿನದೂ ನಡುವಿನಿಂದ ತೆರೆದುಕೊಂಡುವು. ಜನರು ಇದನ್ನು ರಾಜಠೀವಿಯೆಂದು ಮೆಚ್ಚಿದರು. ಮೂಲವು ಮಾತ್ರ ಇಕ್ಕಟ್ಟು. ಓಡುವಾಗ ಇಂತಹ ಬಾಗಿಲು ಸಡಿಲಿದರೆ ಗಾಳಿಯು ಅದನ್ನು ಅಗಲವಾಗಿ ತೆರೆದುಬಿಡುವ ಭಯವುಂಟಷ್ಟೆ. ಅದಕ್ಕಾಗಿ ಚಾಲಕನೆದುರು ಎಚ್ಚರಿಕೆಯ ದೀಪವೊಂದನ್ನು ಇಟ್ಟರು.

ರೂಪವನ್ನು ತಿದ್ದಿದರೆ ಸಾಲದು, ನಂಬಿಕೆಯನ್ನೂ ತಿದ್ದಬೇಕಾಗಿತ್ತು. ಪ್ರತಿಯೊಂದು ಗಾಡಿಯನ್ನೂ ಹನ್ನೆರಡು ಮೈಲಿ ಓಡಿಸಿ ಪರೀಕ್ಷಿಸಿದರು. ಎರಡು ವರ್ಷ ಅಥವಾ 24,000 ಮೈಲಿಗಳ ಭರವಸೆಯನ್ನು ಕೊಟ್ಟರು. ಮೊದಲ ವರ್ಷ ಮಾರಾಟವಾದುದು ಸುಮಾರು 25,000. ಹಿಂದಿನ ವರ್ಷಕ್ಕಿಂತ ಬಹಳ ಹೆಚ್ಚೇನಲ್ಲ. ಆದರೂ ಲಿಂಕನ್ನಿನ ಹೆಸರು ಉಳಿಯಿತು. ಹಿಂದೆ ಕುಳಿತವರ ಮೊಣಕಾಲಿಗಾಗಿ 1964ರಲ್ಲಿ ಗಾಲಿಗಳ ಅಂತರವನ್ನು ಪುನಃ ಮೂರು ಅಂಗುಲ ಹೆಚ್ಚಿಸಿದರು. ಆ ರೂಪವು 1969ರವರೆಗೆ ನಡೆಯಿತು. ಕಾಂಟಿನೆಂಟಲ್ ಗಾಡಿಯ ತಯಾರಿಕೆಯು 2020ರಲ್ಲಿ ನಿಂತಿತು.