ಬೀಳುವ ಬಣ್ಣದ ಹರಳುಗಳು

ಮುಡಬಿಯ ಕಡೆ ಕಲ್ಲಿನ ಗೋಡೆ ಕಟ್ಟುವ ಗೌಂಡಿಯನ್ನು ಗಮನಿಸಿರಿ. ಅವನು ಮುಂದಿರುವ ರಾಶಿಯನ್ನು ಒಮ್ಮೆ ನೋಡಿ, ಬೇಕಾದ ಕಲ್ಲನ್ನು ಆರಿಸಿ, ಅತ್ತಿತ್ತ ತಿರುಗಿಸಿ, ತಕ್ಕ ಎಡೆಯಲ್ಲಿ ಕೂರಿಸುತ್ತಾನೆ. ಒಗ್ಗದ ಕಲ್ಲನ್ನು ಪಕ್ಕಕ್ಕಿಟ್ಟು ಮತ್ತೊಂದನ್ನು ಎತ್ತಿಕೊಳ್ಳುತ್ತಾನೆ. ಆರಿಸುವ ಈ ಸ್ವಾತಂತ್ರ್ಯವೇ ಅವನಿಗೆ ಇಲ್ಲದಿದ್ದರೆ? ಕಲ್ಲುಗಳು ಒಂದರ ಹಿಂದೊಂದು ಮೇಲಿನಿಂದ ಇಳಿದು ಬರುತ್ತ, ಬಂದುದನ್ನು ಬಂದ ಕ್ಷಣದಲ್ಲಿಯೇ ಕೂರಿಸಬೇಕಾದರೆ? ಇಂತಹ ಪೇಚಾಟವನ್ನೇ ವಿನೋದವಾಗಿ ಮಾರ್ಪಡಿಸಿದ ವಿಡಿಯೊ ಆಟಗಳ ಒಂದು ಕುಲವಿದೆ. ಇಂದು ಮೊಬೈಲ್ ಫೋನಿನ ಮೂಲಕ ಅದು ಹಳ್ಳಿಹಳ್ಳಿಗೂ ಬಂದು ಸೇರಿದೆ.

ಈ ಕುಲದ ಮೂಲಪುರುಷನೆಂದರೆ ಟೆಟ್ರಿಸ್. ಮಾಸ್ಕೋದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸೀ ಪಾಜಿಟ್ನೋವ್ ಅವರು 1984ರಲ್ಲಿ ಅದನ್ನು ರಚಿಸಿದರು. ಅವರ ಬಳಿಯಿದ್ದ ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿ ಇರಲಿಲ್ಲ. ಆವರಣ ಚಿಹ್ನೆಗಳನ್ನೇ ಒತ್ತೊತ್ತಾಗಿ ಇಟ್ಟು ಅವರು ಇಟ್ಟಿಗೆಗಳನ್ನು ತೋರಿಸಬೇಕಾಯಿತು. ಅಲ್ಲಿ ಮುಖ್ಯವಾದುದು ಆಕಾರ. ಒಂದು ಸಾಲು ಬಿರುಕಿಲ್ಲದೆ ತುಂಬಿದರೆ ಅದು ಅಳಿಸಿಹೋಗುತ್ತದೆ. ಆಕಾರದ ಸ್ಥಾನದಲ್ಲಿ ಬಣ್ಣವನ್ನು ತಂದವರಲ್ಲಿ ಅಮೆರಿಕದ ಜೇ ಗೀರ್ಟ್‌ಸೆನ್ ಒಬ್ಬರು. 1989ರಲ್ಲಿ ಅವರು ರಚಿಸಿದ ‘ಕಾಲಮ್ಸ್’, ಅಂದರೆ ‘ಕಂಬಗಳು’ ಎಂಬ ಆಟವನ್ನು ಜಪಾನಿನ ಸೆಗಾ ಸಂಸ್ಥೆಯು 1990ರಲ್ಲಿ ಪ್ರಕಟಿಸಿತು.

ಅದರ ನಿಯಮಗಳು ಸರಳವಾಗಿವೆ. ಪರದೆಯ ಮೇಲೆ ಅಗಲಕ್ಕೆ 6, ಎತ್ತರಕ್ಕೆ 13 ಮನೆಗಳುಳ್ಳ ಒಂದು ಬಾವಿಯಿದೆ. ಮೇಲಿನಿಂದ ಮೂರು ಹರಳುಗಳ ಒಂದು ಕಂಬವು ನಿಧಾನವಾಗಿ ಇಳಿಯುತ್ತದೆ. ಹರಳುಗಳಿಗೆ ಆರು ಬಣ್ಣ. ಆಟಗಾರನು ಕಂಬವನ್ನು ಎಡಕ್ಕೆ, ಬಲಕ್ಕೆ ಸರಿಸಬಹುದು; ಅಡ್ಡಲಾಗಿ ಮಲಗಿಸುವಂತಿಲ್ಲ. ಒಂದೇ ಬಣ್ಣದ ಮೂರು ಅಥವಾ ಹೆಚ್ಚು ಹರಳುಗಳು ಉದ್ದಕ್ಕೆ, ಅಡ್ಡಕ್ಕೆ ಇಲ್ಲವೆ ಓರೆಯಾಗಿ ಒಂದೇ ಸಾಲಿನಲ್ಲಿ ಕೂಡಿದರೆ ಮಾಯವಾಗುತ್ತವೆ. ಮೇಲಿನವು ಕೆಳಕ್ಕೆ ಜಾರುತ್ತವೆ. ಹರಳುಗಳ ರಾಶಿ ಬಾವಿಯ ಬಾಯಿಯವರೆಗೆ ಬೆಳೆದರೆ ಆಟ ಮುಗಿಯಿತು. ಬಾವಿಯಲ್ಲಿರುವ ಮನೆಗಳು 78. ಒಂದು ಹರಳೂ ಅಳಿಯದಿದ್ದರೆ 26 ಕಂಬಗಳಿಗೆ ಅದು ಭರ್ತಿ!

ಗುಂಡಿಯೊತ್ತಿ ಕಂಬದೊಳಗಿನ ಬಣ್ಣಗಳ ಕ್ರಮವನ್ನೂ ಬದಲಿಸಬಹುದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮೇಲಿನಿಂದ ಕೆಂಪು, ಹಳದಿ, ಹಸಿರು ಎಂದಿದ್ದರೆ ಅದನ್ನು ಹಸಿರು, ಕೆಂಪು, ಹಳದಿ ಎಂದೋ ಹಳದಿ, ಹಸಿರು, ಕೆಂಪು ಎಂದೋ ಮಾಡಬಹುದು. ಕೆಂಪು, ಹಸಿರು, ಹಳದಿ ಎಂದು ಮಾತ್ರ ಎಷ್ಟು ಒತ್ತಿದರೂ ಆಗದು. ಏಕೆಂದರೆ ಬಣ್ಣಗಳು ಗಾಣದ ಎತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗುತ್ತವೆ. ಹೀಗೆ ಮೂರು ಕ್ರಮ, ಆರು ಸ್ಥಾನ: ಒಂದು ಕಂಬಕ್ಕೆ 18 ದಾರಿ. ಮುಂದೆ ಬರುವ ಒಂದು ಕಂಬವನ್ನು ಪರದೆಯ ಮಗ್ಗುಲಲ್ಲಿ ತೋರಿಸಲಾಗುತ್ತದೆ. ಎರಡನ್ನೂ ಕೂಡಿಸಿ ಆಲೋಚಿಸಿದರೆ ದಾರಿಗಳು 324. ಇಷ್ಟನ್ನು ಕೆಲವೇ ಕ್ಷಣಗಳಲ್ಲಿ ತೂಗಿ ನೋಡುವವರು ಯಾರೂ ಇಲ್ಲ. ನುರಿತವರು ಲೆಕ್ಕ ಹಾಕುವುದಿಲ್ಲ. ಹೆಚ್ಚಿನವನ್ನು ನೋಡದೆಯೇ ಬಿಡುವುದನ್ನು ಕಲಿತಿರುತ್ತಾರೆ.

ಹೊಸಬನು ಕಣ್ಣಿಗೆ ಬಿದ್ದ ಮೂರನ್ನು ಕೂಡಲೇ ಅಳಿಸುತ್ತಾನೆ. ಅನುಭವಿಯು ತಾಳುತ್ತಾನೆ. ಎರಡು ನೀಲಿಯ ಮಗ್ಗುಲಲ್ಲಿ ಮೂರನೆಯ ನೀಲಿ ಒಂದು ಮನೆ ಮೇಲಿದೆ, ಅದರ ಅಡಿಯಲ್ಲಿ ಕೆಂಪು ಇದೆ ಎನ್ನಿ. ಕೆಂಪು ಅಳಿದರೆ ನೀಲಿ ಕೆಳಗಿಳಿದು ತನ್ನವರನ್ನು ಸೇರುತ್ತದೆ. ಆ ಮೂರೂ ಅಳಿದಾಗ ಅವುಗಳ ಮೇಲಿನವು ಇಳಿದು ಇನ್ನೊಂದು ಕೂಟ ಏರ್ಪಡಬಹುದು. ನಮ್ಮ ಅಳಗುಳಿ ಮಣೆಯಲ್ಲಿಯೂ ಇಂತಹದೇ ಸೊಗಸಿದೆ. ಕೈಯ ಕಾಳು ಮುಗಿದೊಡನೆ ಮುಂದಿನ ಗುಳಿಯ ಕಾಳನ್ನು ಎತ್ತಿ ಹಂಚುತ್ತ ಒಂದೇ ನಡೆಯು ಮಣೆಯನ್ನೆಲ್ಲ ಸುತ್ತಿ ಬರುವುದುಂಟು. ಆದರೆ ಅಳಗುಳಿ ಮಣೆಯು ಆಟಗಾರನಿಗಾಗಿ ಕಾಯುತ್ತದೆ. ಬೀಳುವ ಹರಳು ಕಾಯದು. ತಾಳ್ಮೆ ಹೆಚ್ಚಿದಷ್ಟೂ ರಾಶಿ ಬೆಳೆಯುತ್ತದೆ. ಆಟ ಮುಂದುವರಿದಂತೆ ವೇಗವೂ ಏರುತ್ತದೆ.

ಹಾಗಾದರೆ ಎಂದೂ ಸೋಲದಂತೆ ಆಡಲು ಸಾಧ್ಯವೆ? ಮೂಲಪುರುಷನಾದ ಟೆಟ್ರಿಸಿನ ವಿಷಯದಲ್ಲಿ ಗಣಿತಜ್ಞರು ಇದನ್ನು ಪರಿಶೀಲಿಸಿದ್ದಾರೆ. ವಕ್ರವಾದ ಎರಡು ಬಗೆಯ ತುಂಡುಗಳು ಒಂದಾದ ಮೇಲೊಂದರಂತೆ ಬರುತ್ತಲೇ ಇದ್ದರೆ ಎಂತಹ ಆಟಗಾರನೂ ಸೋಲಲೇಬೇಕೆಂದು ಹೈಡಿ ಬರ್ಗೀಲ್ ಅವರು 1997ರಲ್ಲಿ ಸಾಧಿಸಿ ತೋರಿಸಿದರು. ಬರಲಿರುವ ತುಂಡುಗಳೆಲ್ಲವೂ ಮೊದಲೇ ತಿಳಿದಿದ್ದರೂ ಅತ್ಯುತ್ತಮ ಜೋಡಣೆಯನ್ನು ಕಂಡುಹಿಡಿಯುವುದು ಕಂಪ್ಯೂಟರಿಗೂ ಅತಿ ಕಠಿಣವಾದ ಲೆಕ್ಕಗಳ ವರ್ಗಕ್ಕೆ ಸೇರಿದುದೆಂದು 2002ರಲ್ಲಿ ಎರಿಕ್ ಡಿಮೇನ್ ಮತ್ತು ಸಂಗಡಿಗರು ತೋರಿಸಿದರು. ಆದರೂ 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬನು ಹಳೆಯ ಯಂತ್ರವೊಂದರ ಟೆಟ್ರಿಸನ್ನು 157ನೆಯ ಹಂತದವರೆಗೆ ಒಯ್ದನು. ಅಲ್ಲಿ ಸೋತವನು ಅವನಲ್ಲ. ಆಟವೇ ಮುಂದುವರಿಯಲಾರದೆ ಸ್ತಬ್ಧವಾಗಿ ನಿಂತಿತು.