ಬೂದಿಯಲ್ಲಿ ಕೊರೆದ ಮನೆಗಳು

ಗ್ರೀಸ್‌ನ ಸ್ಯಾಂಟೊರಿನಿ ದ್ವೀಪಕ್ಕೆ ಹೊರಟವರು ಹೋಟೆಲ್ ಹುಡುಕುವಾಗ ಮೊದಲು ಕೇಳುವ ಪ್ರಶ್ನೆ, ಕೋಣೆಯಿಂದ ಕಾಲ್ಡೆರಾ ಕಾಣುತ್ತದೆಯೇ ಎನ್ನುವುದು. ಜ್ವಾಲಾಮುಖಿ ಕುಸಿದು ಉಂಟಾಗಿ, ಕಡಲು ನುಗ್ಗಿ ತುಂಬಿಕೊಂಡ ಮಹಾಕುಳಿ ಅದು. ಅದು ಕಾಣುವ ಸೂಟ್‌ಗೆ ಒಂದು ಬಾಡಿಗೆ, ಕಾಣದ ಕೋಣೆಗೆ ಅದರ ಸಣ್ಣದೊಂದು ಪಾಲು. ಹೀಗಾಗಿ ಪ್ರವಾಸದ ಲೆಕ್ಕಾಚಾರವೆಲ್ಲ ಆ ಒಂದು ನೋಟದ ಸುತ್ತಲೇ ಸುತ್ತುತ್ತದೆ: ಕೈಯಲ್ಲಿರುವ ಹಣಕ್ಕೆ ಅಂಥ ಕೋಣೆ ಎರಡು ರಾತ್ರಿಗಷ್ಟೇ ಸಿಗುವುದರಿಂದ ಎರಡೇ ರಾತ್ರಿ ಉಳಿಯುವುದು, ಸಂಜೆ ಫೋಟೊ ತೆಗೆಸಿಕೊಂಡು ಮುಂದಿನ ದ್ವೀಪಕ್ಕೆ ಹಡಗು ಹತ್ತುವುದು. ಈ ಲೆಕ್ಕಾಚಾರ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಸ್ಯಾಂಟೊರಿನಿಯ ಸೂಟ್ ಹೋಟೆಲ್‌ಗಳಲ್ಲಿ ಅಪರೂಪವಾದದ್ದು ಕೋಣೆಯೇ. ಅದೊಂದು ಮನೆ, ಅದೂ ಜಗತ್ತಿನಲ್ಲಿ ಕೆಲವೇ ಕಡೆ ಬಳಕೆಯಲ್ಲಿ ಉಳಿದಿರುವ ಒಂದು ಕಟ್ಟಡಕಲೆಯ ಮಾದರಿ. ಮನೆಯನ್ನು ಕೇಂದ್ರದಲ್ಲಿಟ್ಟು ಯೋಜನೆ ಹಾಕಿದರೆ ಊರು, ತಿಂಗಳು, ರಾತ್ರಿಗಳ ಸಂಖ್ಯೆ, ಖರ್ಚು ಎಲ್ಲವೂ ಬದಲಾಗುತ್ತವೆ, ಮತ್ತು ಆ ಬದಲಾವಣೆ ಅತಿಥಿಗೂ ದ್ವೀಪಕ್ಕೂ ಒಳ್ಳೆಯದು.

ಮನೆಯ ಕಥೆ ಬೂದಿಯಿಂದ ಶುರುವಾಗುತ್ತದೆ. ಕ್ರಿ.ಪೂ. 1600ರ ಆಸುಪಾಸಿನಲ್ಲಿ ಇಲ್ಲಿನ ಜ್ವಾಲಾಮುಖಿ ಸಿಡಿದು ದ್ವೀಪದ ನಡುಭಾಗವೇ ಕುಸಿಯಿತು. ದಕ್ಷಿಣ ತುದಿಯ ಆಕ್ರೊತಿರಿ ಎಂಬ ಕಂಚಿನ ಯುಗದ ಪಟ್ಟಣ, ಅದರ ಮಹಡಿ ಮನೆಗಳು, ಭಿತ್ತಿಚಿತ್ರಗಳ ಸಮೇತ ಹೂತುಹೋಯಿತು. 1967ರಲ್ಲಿ ಪುರಾತತ್ವಜ್ಞ ಸ್ಪಿರಿಡನ್ ಮರಿನಾಟೋಸ್ ಉತ್ಖನನ ಶುರುಮಾಡಿದ ಮೇಲೆ ಅದು ಮತ್ತೆ ಬೆಳಕು ಕಂಡಿತು. ಉಳಿದ ನೆಲದ ಮೇಲೆ ಬೂದಿ ಮತ್ತು ಹಗುರವಾದ ನೊರೆಗಲ್ಲು ಕೆಲವೆಡೆ ಹತ್ತಾರು ಮೀಟರ್ ದಪ್ಪಕ್ಕೆ ಬಿದ್ದವು. ಈ ಪದರಕ್ಕೆ ಎರಡು ಗುಣಗಳಿವೆ. ಗುದ್ದಲಿಯಿಂದ ಕೊರೆಯುವಷ್ಟು ಮೆದುವಾಗಿದ್ದರೂ, ಕಮಾನಿನಾಕಾರದಲ್ಲಿ ಕೊರೆದರೆ ಕುಸಿಯದೆ ನಿಲ್ಲುತ್ತದೆ. ಜೊತೆಗೆ, ಸುಣ್ಣದೊಂದಿಗೆ ಕಲಸಿದರೆ ನೀರಿನಲ್ಲೂ ಗಟ್ಟಿಯಾಗುವ ಗಾರೆಯಾಗುತ್ತದೆ. ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯಲ್ಲಿ ಸುಟ್ಟ ಇಟ್ಟಿಗೆಯ ಪುಡಿ ಮಾಡಿದ ಕೆಲಸವನ್ನು ಇಲ್ಲಿ ಜ್ವಾಲಾಮುಖಿಯೇ ಸುಟ್ಟುಕೊಟ್ಟ ಬೂದಿ ಮಾಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸೂಯೆಜ್ ಕಾಲುವೆಯ ಕಾಮಗಾರಿಗೆ ಈ ಮಣ್ಣನ್ನು ಹಡಗುಗಳಲ್ಲಿ ಸಾಗಿಸಿದ್ದರು. ದ್ವೀಪದಲ್ಲಿ ಮರಮುಟ್ಟು ಇಲ್ಲ, ತೊಲೆ ಜಂತಿಗಳ ಚಾವಣಿ ಕನಸಿನ ಮಾತು. ಆದ್ದರಿಂದ ಇಲ್ಲಿನವರು ನೆಲವನ್ನೇ ಕೊರೆದರು, ಮುಂಭಾಗವನ್ನು ಕೆಂಪು, ಕಪ್ಪು ಕಲ್ಲು ಮತ್ತು ಆ ಗಾರೆಯಿಂದ ಕಮಾನು ಕಟ್ಟಿ ಮುಗಿಸಿದರು.

ಇಪೋಸ್ಕಾಫೊ ಎಂದು ಸ್ಥಳೀಯರು ಕರೆಯುವ ಈ ಮನೆ ಅಗಲಕ್ಕಿಂತ ಆಳಕ್ಕೆ ಬೆಳೆಯುತ್ತದೆ. ಬೆಳಕು ಬರುವುದು ಒಂದೇ ಕಡೆಯಿಂದ. ಮುಂದಿನ ಗೋಡೆಯ ನಡುವೆ ಬಾಗಿಲು, ಅದರ ಅಕ್ಕಪಕ್ಕ ಎರಡು ಕಿಟಕಿ, ಬಾಗಿಲ ಮೇಲೊಂದು ಬೆಳಕಿಂಡಿ. ಮುಂದೆ ಪಡಸಾಲೆ, ಹಿಂದೆ ಮಲಗುವ ಕೋಣೆ. ನಡುವಿನ ಅಡ್ಡಗೋಡೆಯಲ್ಲೂ ಅದೇ ಬಾಗಿಲು, ಅದೇ ಕಿಟಕಿಗಳು, ಅದೇ ಬೆಳಕಿಂಡಿ. ಹೊರಗಿನ ಬೆಳಕು ಎರಡು ಗೋಡೆ ದಾಟಿ ಕೊನೆಯ ಹಾಸಿಗೆಯವರೆಗೆ ಹೋಗಲಿ ಎಂದು. ಮೇಲಿನ ಬೆಳಕಿಂಡಿಗಳು ಬಿಸಿಯಾದ, ತೇವಗೊಂಡ ಗಾಳಿಯನ್ನು ಹೊರಕ್ಕೆ ಬಿಡುತ್ತವೆ. ಸುತ್ತಲಿನ ಬೂದಿ ಶಾಖವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ. ಹಾಗಾಗಿ ಬೇಸಿಗೆಯ ಮಧ್ಯಾಹ್ನ ತಂಪು, ಚಳಿಗಾಲದ ರಾತ್ರಿ ಬೆಚ್ಚಗೆ. ಅಂಗಳದ ಕೆಳಗೆ ನಮ್ಮ ಸಂಪಿನಂಥ ನೆಲತೊಟ್ಟಿ. ನದಿಯೇ ಇಲ್ಲದ ದ್ವೀಪದಲ್ಲಿ ಚಾವಣಿ ಮತ್ತು ಅಂಗಳದ ಮೇಲೆ ಬಿದ್ದ ಮಳೆಯ ಒಂದು ಹನಿಯೂ ಪೋಲಾಗದೆ ಅಲ್ಲಿ ಸೇರಬೇಕಿತ್ತು. ಕಡಿದಾದ ಇಳಿಜಾರಿನಲ್ಲಿ ಕೆಳಗಿನವರ ಚಾವಣಿಯೇ ಮೇಲಿನವರ ಅಂಗಳ, ಎಷ್ಟೋ ಕಡೆ ಓಣಿಯೂ ಹೌದು. ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಬುದ್ಧಿವಂತಿಕೆಯಿಂದ ಕಟ್ಟಿದ ಮನೆಗಳು ಹೆಚ್ಚಿಲ್ಲ. ಇದನ್ನು ಕೇವಲ ನೋಟದ ಗೂಡೆಂದು ಭಾವಿಸುವುದು ಆ ಕೈಗಳಿಗೆ ಮಾಡುವ ಅನ್ಯಾಯ.

ಈ ಮನೆಗಳು ನೋಟಕ್ಕಾಗಿ ಹುಟ್ಟಿದವಲ್ಲ ಎನ್ನುವುದಕ್ಕೆ ದ್ವೀಪದ ಒಳಭಾಗವೇ ಸಾಕ್ಷಿ. ವೊಥೊನಾಸ್, ಕಾರ್ತೆರಾಡೊಸ್, ಫಿನಿಕ್ಯಾದಂಥ ಹಳ್ಳಿಗಳಲ್ಲಿ ಇವೇ ಕೊರೆದ ಮನೆಗಳು ಒಣಹಳ್ಳಗಳ ಬದಿಯಲ್ಲಿವೆ. ಅಲ್ಲಿಂದ ಕಾಣುವುದು ಎದುರಿನ ದಂಡೆ ಮಾತ್ರ. ಗಾಳಿಯಿಂದ ಮರೆ ಮತ್ತು ಕೊರೆಯಲು ಒಳ್ಳೆಯ ಮಣ್ಣು, ಇಷ್ಟೇ ಅವರಿಗೆ ಬೇಕಾಗಿದ್ದದ್ದು. ಇಂದು ಜಗತ್ತಿನ ಅತಿ ಹೆಚ್ಚು ಫೋಟೊ ತೆಗೆಸಿಕೊಂಡ ಊರುಗಳಲ್ಲಿ ಒಂದಾದ ಇಯಾದಲ್ಲೂ ಕಥೆ ಬೇರೆಯಲ್ಲ. ಹಾಯಿಹಡಗುಗಳ ಕಾಲದಲ್ಲಿ ಅದು ನಾವಿಕರ ಊರು. ಹಡಗಿನ ಒಡೆಯರು ಮತ್ತು ಕಪ್ತಾನರು ಮೇಲಿನ ಸಮತಟ್ಟಿನಲ್ಲಿ ಎತ್ತರದ ಚಾವಣಿಯ ಕಲ್ಲಿನ ಮನೆ ಕಟ್ಟಿಕೊಂಡರೆ, ಅವರ ಹಡಗಿನಲ್ಲಿ ದುಡಿಯುವವರು ಕೆಳಗಿನ ಬಂಡೆಯಂಚನ್ನು ಕೊರೆದುಕೊಂಡರು. ಕಾಲ್ಡೆರಾ ಅಂಚು ಬಡವರ ಪಾಲಿಗೆ ಬಂದ ಜಾಗ. ಅವರ ಮನೆಯ ಬಾಡಿಗೆ ಈಗ ಕಪ್ತಾನರ ಮನೆಯ ಬಾಡಿಗೆಯನ್ನು ಮೀರಿದೆ.

ಉಗಿಹಡಗುಗಳು ಬಂದು ವ್ಯಾಪಾರ ಅಥೆನ್ಸ್ ಬಳಿಯ ಪಿರಾಯಸ್ ಬಂದರಿಗೆ ಸರಿದಾಗಲೇ ಇಯಾ ಸೊರಗಿತ್ತು. 1956ರ ಜುಲೈ 9ರಂದು ಆಮೊರ್ಗೊಸ್ ದ್ವೀಪದ ಬಳಿ ಹುಟ್ಟಿದ ಭಾರೀ ಭೂಕಂಪ ಉಳಿದದ್ದನ್ನೂ ಕೆಡವಿತು. ಹಲವರು ಸತ್ತರು, ಬದುಕುಳಿದವರಲ್ಲಿ ಅನೇಕರು ಅಥೆನ್ಸ್‌ನ ದಾರಿ ಹಿಡಿದರು, ಕೊರೆದ ಮನೆಗಳು ಪಾಳುಬಿದ್ದವು. ಇವತ್ತಿನ ಸೂಟ್ ಹೋಟೆಲ್‌ನ ನಿಜವಾದ ಆರಂಭ ಇಲ್ಲಿದೆ, ಮತ್ತು ಅದನ್ನು ಆರಂಭಿಸಿದ್ದು ಸರ್ಕಾರ ಎಂಬುದು ಹೆಚ್ಚಿನವರಿಗೆ ತಿಳಿಯದು. 1970ರ ದಶಕದ ನಡುವಿನಲ್ಲಿ ಗ್ರೀಕ್ ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆ ಪಾರಂಪರಿಕ ಊರುಗಳನ್ನು ಉಳಿಸುವ ಯೋಜನೆಯೊಂದನ್ನು ಕೈಗೆತ್ತಿಕೊಂಡಿತು. ಮಾನಿ ಪ್ರದೇಶದ ವಾಥಿಯಾ, ಹಿಯೋಸ್ ದ್ವೀಪದ ಮೆಸ್ತಾ, ಪಿಲಿಯೊನ್ ಬೆಟ್ಟದ ವಿಜಿತ್ಸಾ ಜೊತೆಗೆ ಇಯಾವನ್ನೂ ಆರಿಸಿತು. ಪಾಳು ಮನೆಗಳನ್ನು ಮಾಲೀಕರಿಂದ ಕೆಲವು ವರ್ಷಗಳ ಮಟ್ಟಿಗೆ ಪಡೆಯುವುದು, ಹಳೆಯ ರೂಪ ಕೆಡದಂತೆ ದುರಸ್ತಿ ಮಾಡುವುದು, ಅತಿಥಿಗೃಹವಾಗಿ ನಡೆಸುವುದು, ಅವಧಿ ಮುಗಿದ ಮೇಲೆ ಮಾಲೀಕರಿಗೆ ಒಪ್ಪಿಸುವುದು: ಇದು ವಿಧಾನ. ಇಯಾದ ಕೆಲಸಕ್ಕೆ 1979ರಲ್ಲಿ, ಪರಂಪರೆಯ ಸಂರಕ್ಷಣೆಗೆ ಕೊಡುವ ಯುರೋಪಾ ನೋಸ್ತ್ರಾ ಮನ್ನಣೆ ಸಿಕ್ಕಿತು. ಅಡ್ಡಗೋಡೆಯ ಕಿಟಕಿ, ಕಮಾನಿನ ಬಾಗು, ಸುಣ್ಣದ ಲೇಪ ಎಲ್ಲವನ್ನೂ ಉಳಿಸಿಕೊಂಡು ಒಳಗೆ ಸ್ನಾನದ ಕೋಣೆ, ಪುಟ್ಟ ಅಡುಗೆಮನೆ ಸೇರಿಸಬಹುದು ಎಂದು ಆ ಮೊದಲ ಅತಿಥಿಗೃಹಗಳು ತೋರಿಸಿದವು. ಖಾಸಗಿಯವರು ಅದೇ ಮಾದರಿ ಹಿಡಿದು ಮುಂದೆ ನಡೆದರು.

ಹಾಗಾದರೆ ಪ್ರವಾಸಿಗರ ಹಣವೇ ಈ ಮನೆಗಳನ್ನು ಉಳಿಸಿತಲ್ಲ, ನೋಟಕ್ಕೆ ಹಣ ಕೊಡುವವರನ್ನು ಏಕೆ ದೂರಬೇಕು ಎಂದು ಕೇಳಬಹುದು. ಮೊದಲ ಅರ್ಧ ನಿಜ, ಅದನ್ನು ಮರೆಯಬಾರದು. ಅತಿಥಿಗಳಿಲ್ಲದಿದ್ದರೆ ಇಯಾ ಇವತ್ತು ಇಳಿಜಾರಿನಲ್ಲಿ ಚದುರಿದ ಕಲ್ಲುರಾಶಿಯಾಗಿರುತ್ತಿತ್ತು. ಆದರೆ ಉಳಿಸಿದ ಹಣ ಮತ್ತು ಈಗ ಸುರಿಯುತ್ತಿರುವ ಹಣ ಒಂದೇ ರೀತಿ ಕೆಲಸ ಮಾಡುತ್ತಿಲ್ಲ. ಮೊದಲನೆಯದು ಮನೆಯನ್ನು ದುರಸ್ತಿ ಮಾಡಿತು, ಎರಡನೆಯದು ಮನೆಯನ್ನು ಬದಲಿಸುತ್ತಿದೆ. ಇದನ್ನು ತಿಳಿಯಲು ಸೂಟ್‌ನ ಅಂಗಳವನ್ನು ನೋಡಿದರೆ ಸಾಕು. ಮಳೆನೀರು ಕೂಡಿಡುತ್ತಿದ್ದ ಅಂಗಳದಲ್ಲಿ ಈಗ ಕೋಣೆಗೊಂದು ಪುಟ್ಟ ಈಜುಕೊಳ. ಅದಕ್ಕೆ ತುಂಬುವ ನೀರಿಗಾಗಿ ದ್ವೀಪ ಹೆಚ್ಚಾಗಿ ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕಗಳನ್ನೇ ನಂಬಬೇಕು. ಸುತ್ತಲೂ ಕಡಲಿರುವಾಗ ನೀರಿಗೇನು ಬರ ಎನ್ನಬಹುದು. ಆದರೆ ಉಪ್ಪು ತೆಗೆಯುವುದು ವಿದ್ಯುತ್ ನುಂಗುವ ಕೆಲಸ, ಮತ್ತು ಬೇಡಿಕೆ ಏರುವುದು ಮಳೆಯೇ ಇಲ್ಲದ ಜುಲೈ, ಆಗಸ್ಟ್‌ನಲ್ಲಿ. ಸ್ವಂತ ಕೊಳವಿಲ್ಲದ ಸೂಟ್ ಕೇಳಿ ಪಡೆಯುವುದರಿಂದ ಅತಿಥಿ ಕಳೆದುಕೊಳ್ಳುವುದು ತೀರಾ ಕಡಿಮೆ. ಮೇಲಿನ ಓಣಿಯಲ್ಲಿ ನಿಂತವರಿಗೆಲ್ಲ ಆ ಕೊಳ ಕಾಣುತ್ತದೆ. ಕೆಳಗಿನ ಚಾವಣಿ ಮೇಲಿನ ಅಂಗಳವಾಗಿರುವ ಊರಿನಲ್ಲಿ ಹೊರಗೆ ಏಕಾಂತ ಸಿಗುವುದು ಕಷ್ಟ.

ಜನದಟ್ಟಣೆಯ ಪ್ರಶ್ನೆ ಇನ್ನೂ ಗಂಭೀರ. ಸುಮಾರು 76 ಚದರ ಕಿಲೋಮೀಟರಿನ, ಹದಿನೈದು ಸಾವಿರದಷ್ಟು ಜನ ವಾಸಿಸುವ ದ್ವೀಪಕ್ಕೆ 2023ರಲ್ಲಿ ಬಂದವರು ಸುಮಾರು 34 ಲಕ್ಷ. ಕ್ರೂಸ್ ಹಡಗುಗಳಿಂದ ದಿನಕ್ಕೆ 8,000ಕ್ಕಿಂತ ಹೆಚ್ಚು ಜನ ಇಳಿಯಬಾರದೆಂಬ ಮಿತಿ 2025ರಿಂದ ಬಂದಿದೆ, ಅವರ ಮೇಲೆ ಶುಲ್ಕವೂ ಇದೆ. ಹೋಟೆಲ್‌ಗಳಲ್ಲಿ ಉಳಿಯುವವರು ಪ್ರತಿ ರಾತ್ರಿ ಹವಾಮಾನ ನಿಧಿಗೆ ತೆರಿಗೆ ಕೊಡಬೇಕು. 2025ರ ದರದಂತೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಐದು ತಾರೆಯ ಹೋಟೆಲ್‌ನಲ್ಲಿ ಕೋಣೆಯೊಂದಕ್ಕೆ 15 ಯೂರೊ. ಕೋಣೆಯ ಬಾಡಿಗೆಯಲ್ಲಿ ಇದು ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಆದರೆ ಮಿತಿ, ತೆರಿಗೆಗಳಿಂದ ಮನೆಯ ಪ್ರಶ್ನೆ ಬಗೆಹರಿಯುವುದಿಲ್ಲ. ವಾಸದ ಮನೆಗಳೆಲ್ಲ ಅತಿಥಿಗಳಿಗೆ ಹೋದ ಮೇಲೆ ದ್ವೀಪಕ್ಕೆ ವರ್ಗವಾಗಿ ಬರುವ ಶಿಕ್ಷಕರಿಗೆ, ವೈದ್ಯರಿಗೆ ಬಾಡಿಗೆ ಮನೆ ಸಿಗುತ್ತಿಲ್ಲ. ಪ್ರವಾಸಿಗರಿಗಾಗಿ ಹೊಸ ಕೋಣೆಗಳ ನಿರ್ಮಾಣ ನಿಲ್ಲಬೇಕೆಂದು ದ್ವೀಪದ ಮೇಯರ್ ನಿಕೋಸ್ ಜೊರ್ಜೋಸ್ ವರ್ಷಗಳಿಂದ ಹೇಳುತ್ತಿದ್ದಾರೆ.

ಒಬ್ಬ ಪ್ರವಾಸಿಗ ಏನು ಆರಿಸಿಕೊಂಡರೆ ಏನಾದೀತು ಎನ್ನುವುದು ಸಹಜವಾದ ಆಕ್ಷೇಪ. ಒಬ್ಬನಿಂದ ಬಾಡಿಗೆ ಇಳಿಯದು, ನಿಜ. ಆದರೂ ಸೂಟ್ ಹೋಟೆಲ್ ಎಂಬುದು ಬೇಡಿಕೆಯ ಕನ್ನಡಿ. ಕೊಳ ಕೇಳಿದ್ದಕ್ಕೆ ಕೊಳ ಬಂತು, ಎರಡು ರಾತ್ರಿಯವರೇ ಹೆಚ್ಚಾದ್ದಕ್ಕೆ ಎರಡು ರಾತ್ರಿಗೆ ಹೊಂದುವ ಮನೆ ಬಂತು. ಮೇಲಾಗಿ ನಾನು ಹೇಳುತ್ತಿರುವುದು ತ್ಯಾಗವನ್ನಲ್ಲ. ನಡುಬೇಸಿಗೆಯಲ್ಲಿ ಇಯಾದ ಅಂಚಿನಲ್ಲಿ ಎರಡು ರಾತ್ರಿಗೆ ಕೊಡುವ ಹಣಕ್ಕೆ ಏಪ್ರಿಲ್ ಕೊನೆಯಲ್ಲೋ ಅಕ್ಟೋಬರ್‌ನಲ್ಲೋ ಪಿರ್ಗೋಸ್, ಮೆಗಾಲೊಹೋರಿ, ಎಂಬೊರಿಯೊದಂಥ ಒಳಊರಿನ ಹಳೆಯ ಮನೆಯಲ್ಲಿ ಹೆಚ್ಚು ದಿನ ಇರಬಹುದು. ಅಲ್ಲಿಂದ ಕಾಲ್ಡೆರಾ ದೂರವೇನಲ್ಲ. ದ್ವೀಪದ ಮುಖ್ಯ ಪಟ್ಟಣ ಫಿರಾದಿಂದ ಇಯಾದವರೆಗೆ ಅಂಚಿನುದ್ದಕ್ಕೂ ಸಾಗುವ ಸುಮಾರು 10 ಕಿಲೋಮೀಟರ್ ಕಾಲುದಾರಿ ಯಾರ ಸ್ವತ್ತೂ ಅಲ್ಲ, ಆ ನೋಟಕ್ಕೆ ಟಿಕೆಟ್ ಇಲ್ಲ. ಮನೆಯ ಗುಣ ತಿಳಿಯಲು ಮಾತ್ರ ದಿನಗಳು ಬೇಕು: ಗಾಳಿ ಬೀಸುವ ರಾತ್ರಿಯೊಂದು, ಸುಡುಬಿಸಿಲಿನ ಮಧ್ಯಾಹ್ನವೊಂದು, ಮೋಡದ ಮುಂಜಾನೆಯೊಂದು. ಅಡುಗೆಮನೆಯಿರುವ ಸೂಟ್ ಹಿಡಿದರೆ ದ್ವೀಪದ ಪುಟ್ಟ ಟೊಮೆಟೊ, ಬಿಳಿ ಬದನೆ, ಹಳದಿ ಬೇಳೆಯನ್ನು ಬೇಯಿಸಿ ಮಸೆದು ಮಾಡುವ ಫಾವಾ ಎಲ್ಲ ಮನೆಯೂಟಕ್ಕೆ ಒದಗುತ್ತವೆ. ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ.

ಈ ಮನೆಗಳ ಕೊರತೆಗಳನ್ನೂ ಹೇಳಬೇಕು. ಹಿಂದಿನ ಕೋಣೆಯಲ್ಲಿ ತೇವ ಇದ್ದೇ ಇರುತ್ತದೆ. ಬೆಳಕಿಂಡಿ ಮುಚ್ಚಿ ಏಸಿ ಕೂರಿಸಿದ ಕಡೆ ಅದು ಇನ್ನೂ ಹೆಚ್ಚು. ಉಬ್ಬಸ ಇರುವವರು ಗಾಳಿಯಾಡುವ ವ್ಯವಸ್ಥೆಯನ್ನು ವಿಚಾರಿಸಿಯೇ ಕಾಯ್ದಿರಿಸಬೇಕು. ಅಂಚಿನ ಸೂಟ್‌ಗಳಿಗೆ ವಾಹನ ಹೋಗುವುದಿಲ್ಲ, ಸಾಮಾನನ್ನು ಕೂಲಿಯವರು ಹೊತ್ತು ತರುತ್ತಾರೆ. ಮಂಡಿನೋವಿನ ಅಪ್ಪ ಅಮ್ಮನನ್ನು ಕರೆದೊಯ್ಯುವವರು ರಸ್ತೆಯಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು ಎಂದು ಕೇಳಲೇಬೇಕು. ಇನ್ನು ಭೂಕಂಪದ ಭಯ. 2025ರ ಜನವರಿ ಕೊನೆ, ಫೆಬ್ರವರಿಯಲ್ಲಿ ಸ್ಯಾಂಟೊರಿನಿ ಮತ್ತು ಆಮೊರ್ಗೊಸ್ ನಡುವೆ ಸಾವಿರಾರು ಕಂಪನಗಳಾದವು, ಅತಿ ದೊಡ್ಡದರ ತೀವ್ರತೆ 5.3, ಶಾಲೆಗಳು ಮುಚ್ಚಿದವು, ಹತ್ತು ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟು ಹೋದರು, ಆಮೇಲೆ ಮರಳಿದರು. ಅಪಾಯವೇ ಇಲ್ಲವೆಂದು ಯಾರೂ ಹೇಳಲಾರರು, ಜ್ವಾಲಾಮುಖಿ ಸತ್ತಿಲ್ಲ. ನಡುನೀರಿನ ನೆಯಾ ಕಮೆನಿ ದ್ವೀಪದಲ್ಲಿ ಅದು ಕೊನೆಯದಾಗಿ ಉಕ್ಕಿದ್ದು 1950ರಲ್ಲಿ. ಕಡಿದಾದ ಅಂಚಿಗಿಂತ ಒಳಊರಿನ ಸಮತಟ್ಟಾದ ಜಾಗವನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ. ಜೊತೆಗೆ, ರದ್ದುಮಾಡಿದರೆ ಹಣ ಮರಳುವ ಷರತ್ತಿನ ಕೋಣೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಕರ್ನಾಟಕದಿಂದ ಹೊರಡುವವರಿಗೆ ಒಂದು ಅನುಕೂಲ ತಾನಾಗಿಯೇ ಒದಗಿದೆ. ನಮ್ಮ ಶಾಲೆಗಳ ಬೇಸಿಗೆ ರಜೆ ಬೀಳುವ ಏಪ್ರಿಲ್, ಮೇ ತಿಂಗಳಲ್ಲಿ ದ್ವೀಪದ ಹೋಟೆಲ್‌ಗಳು ಚಳಿಗಾಲದಲ್ಲಿ ಮುಚ್ಚಿದ್ದ ಬಾಗಿಲು ತೆರೆದಿರುತ್ತವೆ, ಆದರೆ ಯುರೋಪಿನ ರಜೆಯ ಗುಂಪು ಇನ್ನೂ ಬಂದಿರುವುದಿಲ್ಲ. ಹಗಲು ನಡೆದಾಡಲು ಹಿತ, ಈಜಲು ಕಡಲು ಇನ್ನೂ ತಣ್ಣಗೆ. ಗ್ರೀಕರ ಈಸ್ಟರ್ ಸಾಮಾನ್ಯವಾಗಿ ಈ ಅವಧಿಯಲ್ಲೇ ಬರುತ್ತದೆ. ಅದರ ಹಿಂದಿನ ಶುಕ್ರವಾರ ರಾತ್ರಿ ಪಿರ್ಗೋಸ್ ಊರಿನ ಚಾವಣಿ, ಗೋಡೆ, ಓಣಿಗಳಲ್ಲೆಲ್ಲ ತಗಡಿನ ಡಬ್ಬಿಗಳಲ್ಲಿ ದೀಪ ಹಚ್ಚುತ್ತಾರೆ, ಆ ವಾರ ಅಲ್ಲಿ ಕೋಣೆ ಬೇಕಾದವರು ತಿಂಗಳುಗಳ ಮೊದಲೇ ಹಿಡಿಯಬೇಕು. ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. ತಂಗುವ ಜಾಗದ ದಾಖಲೆ, 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕು. ಹಾಗಾಗಿ ಮನೆ ಮೊದಲು ಗೊತ್ತುಮಾಡಿಕೊಂಡು, ವಿಮಾನದ ಟಿಕೆಟ್ ಆಮೇಲೆ ಹೊಂದಿಸುವ ಕ್ರಮವೇ ಸರಿ. ಅಥೆನ್ಸ್‌ನಿಂದ ವಿಮಾನದಲ್ಲಿ ಗಂಟೆಯೊಳಗೆ ತಲುಪಬಹುದು. ಪಿರಾಯಸ್‌ನಿಂದ ಹಡಗಿಗೆ ಐದರಿಂದ ಎಂಟು ಗಂಟೆ ಬೇಕು. ಆದರೆ ಕಾಲ್ಡೆರಾದೊಳಗೆ ಹಡಗು ತಿರುಗುವಾಗ ಬೂದಿಯ ಪದರವೂ ಅದರಲ್ಲಿ ಕೊರೆದ ಮನೆಗಳೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ, ಈ ಲೇಖನದ ಅರ್ಧ ಭಾಗ ಅಲ್ಲೇ ಅರ್ಥವಾಗುತ್ತದೆ. ಗಾಳಿ ಜೋರಾದ ದಿನ ಹಡಗುಗಳು ಹೊರಡುವುದಿಲ್ಲವಾದ್ದರಿಂದ, ಊರಿಗೆ ಮರಳುವ ವಿಮಾನಕ್ಕೆ ಮುಂಚಿನ ಒಂದು ರಾತ್ರಿಯನ್ನು ಅಥೆನ್ಸ್‌ಗೆ ಮೀಸಲಿಡಬೇಕು.